ಲೆಕ್ಕಪರಿಶೋಧಕನ ಪ್ರಶ್ನಾಧಿಕಾರ

ಸರ್ಕಾರದ ಹಣಕ್ಕೆ ಲೆಕ್ಕವುಂಟು, ಲೆಕ್ಕಕ್ಕೆ ಪರಿಶೋಧನೆಯುಂಟು ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಪರಿಶೋಧಕನು ಕೇಳಿದ ಕಾಗದವನ್ನು ಕಚೇರಿಯವರು ಕೊಡದೆ ಹೋದರೆ ಏನಾಗುವುದು, ಅವನು ಹಾಕಿದ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನೆ ಕುಳಿತರೆ ಏನಾಗುವುದು ಎಂಬುದನ್ನು ವಿಚಾರಿಸಿದವರು ಕಡಮೆ. ಈ ವಿಷಯವು ವಕೀಲರಿಗೂ ಗುಮಾಸ್ತರಿಗೂ ಮಾತ್ರ ಸೇರಿದ್ದೆಂದು ಸಾಹಿತ್ಯದ ಅಧ್ಯಾಪಕರು ಬದಿಗಿಡಬೇಕಾದುದಿಲ್ಲ. ಇದರ ಬುಡದಲ್ಲಿರುವುದು ನಮಗೆ ಬಹುಕಾಲದಿಂದ ಪರಿಚಿತವಾದ ಎರಡು ಮಾತುಗಳು: ಲಿಖಿತ ಮತ್ತು ಸಾಕ್ಷಿ. ಬರೆದಿಟ್ಟದ್ದನ್ನು ತರಿಸುವುದು ಒಂದು ಅಧಿಕಾರ. ಬಲ್ಲವನ ಬಾಯಿಂದ ಹೇಳಿಸುವುದು ಮತ್ತೊಂದು. ತಾರದವನಿಗೂ ಹೇಳದವನಿಗೂ ದಂಡ ವಿಧಿಸುವ ಮೂರನೆಯ ಅಧಿಕಾರವು ಇವೆರಡರ ಬೆನ್ನಿಗಿದ್ದರೆ ಮಾತ್ರ ಇವುಗಳಿಗೆ ಬಲಾತ್ಕಾರದ ಶಕ್ತಿ ಬರುವುದು. ಈ ಮೂರರಲ್ಲಿ ನಮ್ಮ ಪರಿಶೋಧಕರಿಗೆ ಯಾವುದುಂಟು, ಯಾವುದಿಲ್ಲ, ಇಲ್ಲದಿರುವುದಕ್ಕೆ ಕಾರಣವೇನು ಎಂಬುದು ಪ್ರಕೃತ ಲೇಖನದ ವಿಷಯ.

ಬೆಂಗಳೂರಿನ ದಕ್ಷಿಣಭಾಗದ ಜಯನಗರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೧೯೪೮ರಲ್ಲಿ ಆರಂಭವಾದ ಈ ಬಡಾವಣೆಯನ್ನು ಕಟ್ಟಿದ್ದು, ೧೯೪೫ರ ಶಾಸನದಿಂದ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು. ೧೯೭೬ರಲ್ಲಿ ಆ ಬೋರ್ಡಿನ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂದಿತು. ಇಲ್ಲಿನ ಮನೆಯೊಡೆಯನು ನೀರಿಗಾಗಿ ಕೊಡುವ ಹಣ ೧೯೬೪ರಲ್ಲಿ ಸ್ಥಾಪಿತವಾದ ಜಲಮಂಡಳಿಗೆ ಸೇರುವುದು. ಮನೆಯ ಕಂದಾಯವು ೧೯೪೯ರಲ್ಲಿ ರೂಪುಗೊಂಡ ನಗರಪಾಲಿಕೆಗೂ, ೨೦೦೭ರಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೂ ಸೇರುತ್ತಿದ್ದು, ೨೦೨೫ರಲ್ಲಿ ಅದನ್ನು ಒಡೆದು ಐದು ಪಾಲಿಕೆಗಳನ್ನು ಮಾಡಿದಮೇಲೆ ಅವುಗಳಲ್ಲೊಂದಕ್ಕೆ ಸಲ್ಲುತ್ತಿದೆ. ಮಾರಾಟತೆರಿಗೆಯೇ ಮೊದಲಾದುವು ರಾಜ್ಯದ ಖಜಾನೆಗೆ. ಉಳಿತಾಯದ ಹಣ, ಅನೇಕ ಮನೆಗಳಲ್ಲಿ, ನೆರೆಯ ಸಹಕಾರ ಸಂಘಕ್ಕೆ. ಒಬ್ಬನದೇ ಹಣ ನಾಲ್ಕಾರು ಚೀಲಗಳಿಗೆ ಹಂಚಿಹೋಗುವುದು. ಚೀಲಚೀಲಕ್ಕೂ ಪರಿಶೋಧನೆಯ ಕಾಯಿದೆ ಬೇರೆ. ಪರಿಶೋಧಕನ ಬಲವೂ ಬೇರೆ. ಈ ಕಾಯಿದೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಂದು ವಿಚಿತ್ರವು ಗೋಚರವಾಗುವುದು: ಪದವಿ ಹಿರಿದಾದಷ್ಟೂ ಬಲಾತ್ಕಾರದ ಅಧಿಕಾರವು ಕಿರಿದಾಗುತ್ತ ಬಂದಿದೆ. ಸಂವಿಧಾನದಿಂದಲೇ ನಿಯಮಿತನಾದ ಮಹಾಲೆಕ್ಕಪರಿಶೋಧಕನಿಗೆ ಇಲ್ಲದ ಅಧಿಕಾರವು, ಜಯನಗರದ ಒಂದು ಸಹಕಾರ ಸಂಘದ ವಿಚಾರಣೆಗೆ ಬರುವ ಸಾಮಾನ್ಯ ಅಧಿಕಾರಿಗೆ ಉಂಟು.

ಈ ವಿಚಿತ್ರದ ಅರ್ಥವನ್ನು ತಿಳಿಯಲು ಮೊದಲು ಸ್ವಲ್ಪ ಹಿಂದಕ್ಕೆ ಹೋಗುವುದು ಒಳ್ಳೆಯದು. ಸರ್ಕಾರಿ ಕಚೇರಿಗಳಲ್ಲಿ ಇಂದು ‘ಕಡತ’ವೆಂದು ಕರೆಯುವ ವಸ್ತುವಿಗೆ ಆ ಹೆಸರು ಬಂದದ್ದು ಹಳೆಯ ಬಟ್ಟೆಯ ಪುಸ್ತಕದಿಂದ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಸಿದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶಾನುಭೋಗರ ಮತ್ತು ವರ್ತಕರ ಲೆಕ್ಕಗಳು ಅದರಲ್ಲಿರುತ್ತಿದ್ದುವು. ಬಟ್ಟೆ ಬಹುಕಾಲ ಬಾಳುವುದು; ಆದರೆ ಬರೆಹವನ್ನು ಒರಸಬಹುದು, ಒರಸಿದ ಜಾಗದಲ್ಲಿ ಮತ್ತೆ ಬರೆಯಬಹುದು. ಬಾಳುವ ಆಧಾರದ ಮೇಲೆ ಅಳಿಸಬಹುದಾದ ಅಕ್ಷರ: ಲೆಕ್ಕವನ್ನು ಶೋಧಿಸುವವನ ಕಷ್ಟವೆಲ್ಲ ಈ ಒಂದು ವಸ್ತುವಿನಲ್ಲಿ ಅಡಗಿದೆಯೆನ್ನಬಹುದು. ಬರೆಹವು ಸಂದೇಹಾಸ್ಪದವಾದಲ್ಲಿ ಬರೆದವನನ್ನೇ ಕೇಳಬೇಕು. ಆದುದರಿಂದ ಲಿಖಿತವು ಸಾಕ್ಷಿಯನ್ನು ಬೇಡುವುದು.

ಈ ಬೇಡಿಕೆಯನ್ನು ಪೂರ್ಣವಾಗಿ ಕಂಡಿದ್ದವನು ಕೌಟಿಲ್ಯ. ಅವನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ, ಆರ್. ಶಾಮಶಾಸ್ತ್ರಿಗಳ ಶ್ರಮದಿಂದ, ೧೯೦೯ರಲ್ಲಿ ಎಂಬುದು ನಮ್ಮ ನಾಡಿಗೆ ಸಲ್ಲುವ ಕೀರ್ತಿ. ಎರಡನೆಯ ಅಧಿಕರಣದ ಏಳನೆಯ ಅಧ್ಯಾಯವು ಅಕ್ಷಪಟಲವನ್ನು, ಎಂದರೆ ಲೆಕ್ಕದ ಕಚೇರಿಯನ್ನು, ಕುರಿತದ್ದು. ಲೆಕ್ಕಿಗರು ಆಷಾಢದಲ್ಲಿ ತಮ್ಮ ಪುಸ್ತಕಗಳನ್ನು ಮುದ್ರೆಯೊತ್ತಿ ತರಬೇಕು. ಉಳಿಕೆಯ ಹಣವನ್ನು ಜೊತೆಗೆ ತರಬೇಕು. ಬಂದವರು ಒಬ್ಬರೊಡನೊಬ್ಬರು ಮಾತನಾಡದಂತೆ ಅವರನ್ನು ತಡೆದಿರಬೇಕು. ಹೊತ್ತಿಗೆ ಬಾರದವನಿಗೂ, ಪುಸ್ತಕವಿಲ್ಲದೆ ಬಂದವನಿಗೂ ‘ದಶಬಂಧ’ವೆಂಬ ದಂಡ. ಈ ಮಾತನ್ನು ಶಾಮಶಾಸ್ತ್ರಿಗಳು ಕೊಡಬೇಕಾದ ಹಣದ ಹತ್ತುಪಾಲೆಂದು ತಿಳಿದರು. ಅನಂತರದ ಸಂಪಾದಕರಾದ ಕಾಂಗ್ಲೆಯವರು ಹತ್ತನೆಯ ಒಂದು ಪಾಲೆಂದರು. ಕೆರೆ ಕಟ್ಟಿಸಿದವರಿಗೆ ಬಿಡುತ್ತಿದ್ದ ದಶವಂದದ ಭೂಮಿಯನ್ನು ಶಾಸನಗಳಲ್ಲಿ ಕಂಡಿರುವ ನಮಗೆ ಎರಡನೆಯ ಅರ್ಥವೇ ಸಹಜವಾಗಿ ತೋರುವುದು. ಲೆಕ್ಕ ಒಪ್ಪಿಸಲು ಅಧಿಕಾರಿಯು ಬಂದು ನಿಂತಿದ್ದು, ಪರೀಕ್ಷಿಸಬೇಕಾದ ಕಾರಣಿಕನೇ ಸಿದ್ಧನಾಗಿಲ್ಲದಿದ್ದರೆ ಕಾರಣಿಕನಿಗೆ ಪೂರ್ವಸಾಹಸದಂಡ. ತಪ್ಪು ಅಧಿಕಾರಿಯದಾದರೆ ಅದರ ಇಮ್ಮಡಿ. ಪರಿಶೋಧಕನನ್ನೂ ದಂಡದ ಹೊರಗೆ ಬಿಡದ ಈ ನಿಯಮಕ್ಕೆ ಸಮಾನವಾದುದು ನಮ್ಮ ಇಂದಿನ ಪರಿಶೋಧನಾ ಕಾಯಿದೆಯಲ್ಲಿಲ್ಲ.

ಮುಂದಿನ ಅಧ್ಯಾಯವು ಸಾಕ್ಷಿಯ ವಿಚಾರಕ್ಕೆ ಬರುತ್ತದೆ. ರಾಜಧನದ ಅಪಹಾರದಲ್ಲಿ ಸಂದೇಹ ಹುಟ್ಟಿದರೆ ಯಾರನ್ನು ಪ್ರಶ್ನಿಸಬೇಕೆಂದು ಕೌಟಿಲ್ಯನು ಹೆಸರಿಸಿದ್ದಾನೆ: ಕಾರ್ಯಕ್ಕೆ ನಿಯುಕ್ತನಾದವನು, ಭಂಡಾರದಲ್ಲಿಟ್ಟವನು, ಬರೆದುಕೊಂಡವನು, ತೆಗೆದುಕೊಂಡವನು, ಕೊಟ್ಟವನು, ಕೊಡಿಸಿದವನು, ಮಂತ್ರಿಯ ಕೆಲಸಗಾರನು. ಈ ಏಳು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಬೇರೆಬೇರೆ ಕೇಳಬೇಕು. ಸುಳ್ಳು ಹೇಳಿದವನಿಗೆ ಮೂಲ ಅಪರಾಧಿಗೆ ಸಮನಾದ ದಂಡ. ಹಣವು ಎಷ್ಟು ಕೈಗಳನ್ನು ದಾಟುವುದೋ ಅಷ್ಟು ಮಂದಿ ಸಾಕ್ಷಿಗಳು ಎಂಬುದು ಈ ಪಟ್ಟಿಯ ಹಿಂದಿರುವ ತತ್ತ್ವ. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದರ ಅಗತ್ಯ ಬೀಳುವುದು.

ಧರ್ಮಶಾಸ್ತ್ರದ ದಾರಿ ತುಸು ಬೇರೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯಸ್ಮೃತಿಯು ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರನ್ನು ಪ್ರಮಾಣಗಳೆನ್ನುವುದು. ವಿಷಯವನ್ನು ಬಲ್ಲವನಾಗಿಯೂ ಸಾಕ್ಷ್ಯ ನುಡಿಯದೆ ಮೌನವಾಗಿರುವವನಿಂದ, ನಲವತ್ತಾರನೆಯ ದಿನ, ಇಡೀ ಸಾಲವನ್ನೇ ದಶಬಂಧದೊಡನೆ ರಾಜನು ಕೊಡಿಸಬೇಕೆಂದು ಅಲ್ಲಿಯ ವಿಧಿ. ಇಲ್ಲಿಯೂ ಅದೇ ‘ದಶಬಂಧ’. ಮೌನಕ್ಕೆ ಅವಧಿಯುಂಟು, ಅವಧಿ ಮೀರಿದರೆ ಬೆಲೆಯುಂಟು. ನಲವತ್ತೈದು ದಿನಗಳ ಈ ಅವಕಾಶವು ಧರ್ಮಶಾಸ್ತ್ರಕಾರರ ವಿವೇಕಕ್ಕೆ ಸಾಕ್ಷಿ; ಕೇಳಿದ ಕ್ಷಣದಲ್ಲಿ ಉತ್ತರ ಬರಬೇಕೆಂದು ಅವರು ಹಟ ಹಿಡಿಯಲಿಲ್ಲ, ಎಂದಾದರೂ ಬರಲಿ ಎಂದು ಬಿಡಲೂ ಇಲ್ಲ.

ನಮ್ಮ ಕಾವ್ಯಗಳಲ್ಲಿಯೂ ಒಂದು ಪ್ರಸಿದ್ಧ ಪರಿಶೋಧನೆಯುಂಟು. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಹೊಟ್ಟೆಕಿಚ್ಚಿನವರು ಬಿಜ್ಜಳನಿಗೆ ದೂರಿದ್ದು, ಎಣಿಸಿ ನೋಡಿದಾಗ ಭಂಡಾರವು ತುಂಬಿಯೇ ಇದ್ದದ್ದು ಭೀಮಕವಿಯ ಬಸವಪುರಾಣವನ್ನು ಪಾಠ ಹೇಳುವ ಎಲ್ಲರಿಗೂ ತಿಳಿದ ಕಥೆ. ಅಲ್ಲಿ ಭಂಡಾರವನ್ನು ತೆರೆಸಲು ಬಲಾತ್ಕಾರವೇ ಬೇಕಾಗಲಿಲ್ಲ. ಕಾನೂನಿನ ಪ್ರಶ್ನೆ ಹುಟ್ಟುವುದು ಬಾಗಿಲು ತಾನಾಗಿ ತೆರೆಯದೆ ಇರುವಲ್ಲಿ.

ಇನ್ನು ಪ್ರಚಲಿತ ಶಾಸನಕ್ಕೆ ಬರೋಣ. ಬ್ರಿಟಿಷರ ಆಳ್ವಿಕೆಯಲ್ಲಿ ೧೯೧೯ರ ಶಾಸನದಿಂದ ಮಹಾಲೆಕ್ಕಪರಿಶೋಧಕನ ಪದವಿಗೆ ಕಾನೂನಿನ ಆಧಾರ ದೊರೆಯಿತು. ೧೯೩೫ರ ಶಾಸನವು ಅದನ್ನು ಬಲಪಡಿಸಿತು. ೧೯೩೬ರ ಆಜ್ಞೆಯೊಂದು ಅವನ ಕರ್ತವ್ಯಗಳನ್ನು ವಿವರಿಸಿತು. ೧೯೫೦ರಲ್ಲಿ ಸಂವಿಧಾನವು ೧೪೮ರಿಂದ ೧೫೧ರ ವರೆಗಿನ ಅನುಚ್ಛೇದಗಳಲ್ಲಿ ಈ ಪದವಿಯನ್ನು ಪ್ರತಿಷ್ಠಾಪಿಸಿತು. ಅದೇ ವರ್ಷ ನಡೆದ ಹಣಕಾಸಿನ ಏಕೀಕರಣದೊಡನೆ ಮೈಸೂರಿನ ಲೆಕ್ಕವೂ ಅವನ ಪರಿಶೋಧನೆಗೆ ಒಳಪಟ್ಟಿತು. ಆದರೆ ಅವನ ಅಧಿಕಾರಗಳೇನೆಂಬುದನ್ನು ಸಂಸತ್ತು ಹೇಳಬೇಕಾಗಿತ್ತು. ಅದು ಹೇಳಿದ್ದು ೧೯೭೧ರಲ್ಲಿ. ಆ ವರ್ಷದ ಅಧಿನಿಯಮದ ೧೮ನೆಯ ಪ್ರಕರಣವೇ ನಮ್ಮ ವಿಚಾರದ ಮೂಲಪಾಠ.

ಪಾಠವು ಚಿಕ್ಕದು, ಪದಪದವನ್ನೂ ಗಮನಿಸತಕ್ಕದ್ದು. ಕೇಂದ್ರದ ಅಥವಾ ರಾಜ್ಯದ ಅಧೀನದಲ್ಲಿರುವ ಯಾವುದೇ ಲೆಕ್ಕದ ಕಚೇರಿಯನ್ನು, ಖಜಾನೆಯನ್ನೂ ಸೇರಿಸಿ, ಅವನು ಪರೀಕ್ಷಿಸಬಹುದು. ತನ್ನ ಪರಿಶೋಧನೆಗೆ ಒಳಪಟ್ಟ ವ್ಯವಹಾರಗಳಿಗೆ ಆಧಾರವಾದ ಅಥವಾ ಸಂಬಂಧಿಸಿದ ಲೆಕ್ಕ, ಪುಸ್ತಕ, ಕಾಗದಪತ್ರಗಳನ್ನು ತಾನು ಗೊತ್ತುಮಾಡಿದ ಸ್ಥಳಕ್ಕೆ ತರಿಸಬಹುದು. ಕಚೇರಿಯ ಮುಖ್ಯಸ್ಥನಾದವನಿಗೆ ತನಗೆ ಅಗತ್ಯವೆಂದು ತೋರಿದ ಪ್ರಶ್ನೆಗಳನ್ನು ಹಾಕಬಹುದು, ಮಾಹಿತಿಯನ್ನು ಕೇಳಬಹುದು. ಆ ಮುಖ್ಯಸ್ಥನಾದರೋ ಪರೀಕ್ಷೆಗೆ ಎಲ್ಲ ಅನುಕೂಲಗಳನ್ನೂ ಒದಗಿಸತಕ್ಕದ್ದು. ಕೇಳಿದ ಮಾಹಿತಿಯನ್ನು ಸಾಧ್ಯವಾದಷ್ಟು ಪೂರ್ಣವಾಗಿಯೂ ಯುಕ್ತವಾದ ತ್ವರೆಯಿಂದಲೂ ಕೊಡತಕ್ಕದ್ದು.

ಲಿಖಿತದ ವಿಷಯದಲ್ಲಿ ಈ ಅಧಿಕಾರವು ಬಹಳ ವಿಶಾಲವಾದುದು. ಯಾವ ಕಾಗದವು ‘ಸಂಬಂಧಿಸಿದ’ದ್ದು ಎಂಬುದನ್ನು ಪರೀಕ್ಷೆಗೆ ಒಳಗಾದ ಕಚೇರಿಯವರ ನಿರ್ಣಯಕ್ಕೆ ಬಿಟ್ಟಿಲ್ಲ, ರಹಸ್ಯವಾದುದನ್ನು ಕೊಡಬೇಡಿರೆಂಬ ಅಪವಾದವೂ ಪ್ರಕರಣದಲ್ಲಿ ಇಲ್ಲ. ಆದರೆ ಪಾಠದಲ್ಲಿ ಇಲ್ಲದಿರುವುದನ್ನೂ ಓದಬೇಕು. ‘ಯುಕ್ತವಾದ ತ್ವರೆ’ ಎಂದರೆ ಎಷ್ಟು ದಿನ? ಹೇಳಿಲ್ಲ. ಕೊಡದಿದ್ದರೆ ದಂಡವೇನು? ಹೇಳಿಲ್ಲ. ಸಮನ್ಸು, ಪ್ರಮಾಣವಚನ ಎಂಬ ಮಾತುಗಳು ಎಲ್ಲಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪ್ರಶ್ನೆಯನ್ನು ಹಾಕಬಹುದಾದದ್ದು ಕಚೇರಿಯ ಮುಖ್ಯಸ್ಥನಿಗೆ ಮಾತ್ರ. ಬಿಲ್ಲನ್ನು ಬರೆದ ಗುಮಾಸ್ತ, ಅಳತೆಪುಸ್ತಕಕ್ಕೆ ರುಜು ಹಾಕಿದ ಕಿರಿಯ ಎಂಜಿನಿಯರು, ಉಗ್ರಾಣದ ಬೀಗದ ಕೈ ಹಿಡಿದವನು, ಹಣ ಪಡೆದ ಗುತ್ತಿಗೆದಾರ, ಇವರನ್ನು ನೇರವಾಗಿ ಕೇಳುವ ಅಧಿಕಾರವನ್ನು ಶಾಸನವು ಬಾಯಿಬಿಟ್ಟು ಕೊಟ್ಟಿಲ್ಲ. ಕೌಟಿಲ್ಯನ ಏಳು ಮಂದಿಯಲ್ಲಿ ಮೊದಲನೆಯವನೊಬ್ಬನನ್ನು ಉಳಿಸಿಕೊಂಡು ಮಿಕ್ಕ ಆರು ಮಂದಿಯನ್ನು ಕೈಬಿಟ್ಟಂತಾಯಿತು. ನಮ್ಮ ಅಭಿಪ್ರಾಯದಲ್ಲಿ ದಂಡವಿಲ್ಲದ ಕೊರತೆಗಿಂತ ಇದು ದೊಡ್ಡ ಕೊರತೆ. ಆದರೂ ಚರ್ಚೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ದಂಡದ ಅಭಾವವೇ.

ಕಚೇರಿಗಳಲ್ಲಿ ಈ ಪ್ರಶ್ನೋತ್ತರವು ನಡೆಯುವ ಬಗೆಯೂ ಲಿಖಿತದ್ದೇ. ಪರಿಶೋಧನೆಯ ತಂಡದವರು ‘ಹಾಫ್ ಮಾರ್ಜಿನ್’ ಎಂಬ ಕಾಗದದಲ್ಲಿ ಹಾಳೆಯ ಅರ್ಧಕ್ಕೆ ಪ್ರಶ್ನೆಯನ್ನು ಬರೆದು ಕಳುಹಿಸುವರು. ಉಳಿದರ್ಧವು ಉತ್ತರಕ್ಕೆ ಮೀಸಲು. ಆ ಅರ್ಧವು ಬರಿದಾಗಿಯೇ ಹಿಂದಿರುಗಿದರೆ, ಅಥವಾ ಹಿಂದಿರುಗದೆಯೇ ಇದ್ದರೆ, ಪರಿಶೋಧಕನು ತನ್ನ ವರದಿಯಲ್ಲಿ ‘ದಾಖಲೆಗಳನ್ನು ಹಾಜರುಪಡಿಸಲಿಲ್ಲ’ ಎಂದು ಬರೆಯುವನು. ಇದೇ ಅವನ ಆಯುಧ, ಬೇರೊಂದಿಲ್ಲ. ಕಾಯಿದೆ ಬಲ್ಲವರು ಒಂದು ವಾದವನ್ನು ಹೂಡಬಹುದು: ದಾಖಲೆಯನ್ನು ಕೊಡಲು ಕಾನೂನಿನಿಂದ ಬದ್ಧನಾದವನು ಸರ್ಕಾರಿ ಅಧಿಕಾರಿಗೆ ಅದನ್ನು ಬೇಕೆಂದೇ ಕೊಡದಿರುವುದು ಹಳೆಯ ದಂಡಸಂಹಿತೆಯ ೧೭೫ನೆಯ ಪ್ರಕರಣದಂತೆಯೂ, ೨೦೨೪ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೧೦ನೆಯ ಪ್ರಕರಣದಂತೆಯೂ ಅಪರಾಧವಲ್ಲವೆ? ವಾದವು ಸಾಧುವೇ. ಆದರೆ ಅದಕ್ಕೆ ಪರಿಶೋಧಕನು ಮ್ಯಾಜಿಸ್ಟ್ರೇಟರ ಮುಂದೆ ಫಿರ್ಯಾದುದಾರನಾಗಿ ನಿಲ್ಲಬೇಕು. ವರ್ಷವರ್ಷವೂ ಅದೇ ಕಚೇರಿಗೆ ಹೋಗಿ ಕುಳಿತು ಕೆಲಸ ಮಾಡಬೇಕಾದವನು ಈ ದಾರಿಯನ್ನು ಹಿಡಿಯುವ ಪದ್ಧತಿಯಿಲ್ಲ.

ಇದರ ಎದುರಿಗೆ ಇತರ ಶಾಸನಗಳನ್ನು ಇಟ್ಟು ನೋಡಬೇಕು. ೧೯೩೦ರಲ್ಲಿ ಮುಂಬಯಿ ಪ್ರಾಂತವು ಸ್ಥಳೀಯ ನಿಧಿಗಳ ಪರಿಶೋಧನೆಗಾಗಿ ಒಂದು ಕಾಯಿದೆಯನ್ನು ಮಾಡಿತು. ಆಗ ಆ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಪುರಸಭೆ ಮೊದಲಾದುವಕ್ಕೂ ಅದು ಅನ್ವಯಿಸುತ್ತಿತ್ತು. ಲೆಕ್ಕಪತ್ರಗಳನ್ನು ತರಿಸುವುದಲ್ಲದೆ, ಅವುಗಳಿಗೆ ಹೊಣೆಯಾದವನನ್ನು ಖುದ್ದಾಗಿ ಬರಮಾಡಿಕೊಳ್ಳುವ ಅಧಿಕಾರವೂ ಪರಿಶೋಧಕನಿಗೆ ಅದರಲ್ಲಿದ್ದಿತು, ಒಪ್ಪದವನಿಗೆ ಜುಲ್ಮಾನೆಯಿದ್ದಿತು. ಪುರಸಭೆಯ ಲೆಕ್ಕ ನೋಡುವವನಿಗೆ ಅಂದೇ ಸಂದ ಈ ಬಲವು, ಪ್ರಾಂತದ ಮತ್ತು ದೇಶದ ಲೆಕ್ಕ ನೋಡುವವನಿಗೆ ಸಲ್ಲಲಿಲ್ಲ.

ಸಹಕಾರ ಸಂಘಗಳ ವಿಷಯವು ಇನ್ನೂ ಸ್ಪಷ್ಟ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದಂದಿನಿಂದ ಸಹಕಾರವು ಈ ನಾಡಿನ ಜೀವನದಲ್ಲಿ ಬೇರೂರಿದೆ. ಈಗ ಇವುಗಳನ್ನು ಆಳುವುದು ೧೯೫೯ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ. ಅದರ ೬೪ನೆಯ ಪ್ರಕರಣದಂತೆ ವಿಚಾರಣೆ ನಡೆಸುವ ನಿಬಂಧಕನು, ಅಥವಾ ಅವನಿಂದ ಲಿಖಿತ ಅಪ್ಪಣೆ ಪಡೆದವನು, ಸಂಘದ ಪುಸ್ತಕ, ನಗದು, ಆಸ್ತಿಗಳನ್ನು ನೋಡಬಹುದು. ಅವು ಯಾರ ವಶದಲ್ಲಿರುವುವೋ ಅವರಿಗೆ ಸಮನ್ಸು ಕೊಡಬಹುದು. ಸಂಘದ ವ್ಯವಹಾರವನ್ನು ಬಲ್ಲನೆಂದು ನಂಬಲು ಕಾರಣವಿರುವ ಯಾರನ್ನೇ ಆಗಲಿ ಕರೆಯಿಸಿ ಪ್ರಮಾಣ ಮಾಡಿಸಿ ವಿಚಾರಿಸಬಹುದು. ‘ಬಲ್ಲವನು’ ಎಂಬ ಮಾತನ್ನು ಗಮನ ಕೊಟ್ಟು ನೋಡಬೇಕು. ಇಲ್ಲಿ ಸಾಕ್ಷಿಯನ್ನು ಗೊತ್ತುಮಾಡುವುದು ಪದವಿಯಲ್ಲ, ತಿಳಿವು. ಕೌಟಿಲ್ಯನ ಏಳು ಮಂದಿಯೂ ಇಲ್ಲಿ ಮರಳಿ ಒಳಗೆ ಬರುವರು.

ಹಾಗೆಂದು ಅಧಿಕಾರವಿದ್ದ ಮಾತ್ರಕ್ಕೆ ಕಾರ್ಯವಾಗುವುದೆಂದು ತಿಳಿಯಬಾರದು. ಜಯನಗರದ ನೆರೆಯ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ೨೦೨೦ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿ, ಠೇವಣಿದಾರನೊಬ್ಬನು ತೆಗೆಯಬಹುದಾದ ಮೊತ್ತವನ್ನು ಮೊದಲಲ್ಲಿ ೩೫,೦೦೦ ರೂಪಾಯಿಗೆ ಮಿತಗೊಳಿಸಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬೀದಿಯಲ್ಲಿ ನಿಂತದ್ದನ್ನು ದಕ್ಷಿಣ ಬೆಂಗಳೂರು ಮರೆತಿಲ್ಲ. ಇಲ್ಲದ ಸಾಲಗಾರರ ಹೆಸರಿನಲ್ಲಿ ಖಾತೆಗಳಿದ್ದುವೆಂಬ ಆರೋಪದ ಮೇಲೆ ಮೊಕದ್ದಮೆಗಳು ನಡೆದುವು. ಪ್ರತಿವರ್ಷವೂ ಪರಿಶೋಧನೆಗೆ ಒಳಗಾಗಬೇಕಾಗಿದ್ದ ಸಂಸ್ಥೆಯಿದು. ಸಮನ್ಸಿನ ಅಧಿಕಾರವೂ ಕಾಯಿದೆಯಲ್ಲಿ ಇದ್ದೇ ಇದ್ದಿತು. ಆದರೆ ಸಮನ್ಸು ಹೊರಡುವುದು ಸಂದೇಹ ಹುಟ್ಟಿದಮೇಲೆ. ಕಣ್ಣಮುಂದೆ ಬಂದ ಲಿಖಿತವು ನೋಟಕ್ಕೆ ಸರಿಯಾಗಿದ್ದರೆ ಸಾಕ್ಷಿಯನ್ನು ಕರೆಯಬೇಕೆಂಬ ಬುದ್ಧಿ ಹುಟ್ಟುವುದು ಕಷ್ಟ. ಸಾಲಗಾರನೆಂದು ಬರೆದಿರುವವನ ಮನೆಯ ಬಾಗಿಲು ತಟ್ಟಿ ಒಮ್ಮೆ ವಿಚಾರಿಸುವುದಕ್ಕೆ ಪ್ರಮಾಣವಚನವೇನೂ ಬೇಕಾಗಿಲ್ಲ.

ಲೋಕಾಯುಕ್ತದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೪ರ ಕರ್ನಾಟಕ ಲೋಕಾಯುಕ್ತ ಅಧಿನಿಯಮದ ೧೧ನೆಯ ಪ್ರಕರಣವು ಯಾವ ವ್ಯಕ್ತಿಯಿಂದಲಾದರೂ ಮಾಹಿತಿಯನ್ನೂ ದಸ್ತಾವೇಜನ್ನೂ ಪಡೆಯಲು, ಸಿವಿಲ್ ನ್ಯಾಯಾಲಯದಂತೆ ಸಾಕ್ಷಿಗಳನ್ನು ಕರೆಯಿಸಿ ಪ್ರಮಾಣ ಮಾಡಿಸಲು ಅಧಿಕಾರ ಕೊಟ್ಟಿದೆ. ೧೯೫೨ರ ವಿಚಾರಣಾ ಆಯೋಗಗಳ ಅಧಿನಿಯಮವೂ ಅಂಥದೇ. ಅರ್ಕಾವತಿ ಬಡಾವಣೆಯ ಭೂಮಿಯನ್ನು ಕೈಬಿಟ್ಟ ವಿಷಯದಲ್ಲಿ ೨೦೧೪ರಲ್ಲಿ ನ್ಯಾಯಮೂರ್ತಿ ಕೆಂಪಣ್ಣನವರ ಆಯೋಗವನ್ನು ನೇಮಿಸಿದಾಗ, ಅಭಿವೃದ್ಧಿ ಪ್ರಾಧಿಕಾರದ ಕಡತಗಳನ್ನು ತರಿಸುವುದಕ್ಕೆ ಆ ಆಯೋಗಕ್ಕಿದ್ದ ಬಲವು ಮಹಾಲೆಕ್ಕಪರಿಶೋಧಕನ ಬಲಕ್ಕಿಂತ ಮಿಗಿಲಾದುದಾಗಿತ್ತು.

ಎಲ್ಲಕ್ಕಿಂತ ಸೋಜಿಗವಾದುದು ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮ. ಜಯನಗರದ ಒಬ್ಬ ಸಾಮಾನ್ಯ ನಿವಾಸಿಯು ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ ತನ್ನ ಬೀದಿಯ ಚರಂಡಿಯ ಬಿಲ್ಲನ್ನು ಕೇಳಿದರೆ, ಕಚೇರಿಯು ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ ೨೫೦ ರೂಪಾಯಿಯಂತೆ ೨೫,೦೦೦ ರೂಪಾಯಿಯ ವರೆಗೆ ದಂಡ. ಅದೇ ಬಿಲ್ಲನ್ನು ಮಹಾಲೆಕ್ಕಪರಿಶೋಧಕನ ಕಡೆಯವರು ೧೮ನೆಯ ಪ್ರಕರಣದಂತೆ ಕೇಳಿದರೆ, ಶಾಸನದಲ್ಲಿ ದಿನಗಳ ಎಣಿಕೆಯೂ ಇಲ್ಲ, ದಂಡವೂ ಇಲ್ಲ. ನಾಗರಿಕನಿಗೆ ಇಷ್ಟು ಬಲ ಬಂದದ್ದು ಸಂತೋಷವೇ. ಆದರೆ ಎಲ್ಲ ನಾಗರಿಕರ ಪರವಾಗಿ ಕೇಳುವವನು ಅವರಲ್ಲಿ ಒಬ್ಬನಿಗಿಂತ ದುರ್ಬಲನಾಗಿರುವುದನ್ನು ಏನೆನ್ನಬೇಕು?

ಈ ವ್ಯತ್ಯಾಸಕ್ಕೆ ಕಾರಣವಿಲ್ಲದಿಲ್ಲ. ಸಹಕಾರದ ನಿಬಂಧಕನೂ ಲೋಕಾಯುಕ್ತನೂ ಒಂದು ತಪ್ಪನ್ನು ಹುಡುಕಿಕೊಂಡು ಬರುವವರು. ಮಹಾಲೆಕ್ಕಪರಿಶೋಧಕನು ಬರುವುದು ಶಾಸನಸಭೆಯ ಕಣ್ಣಾಗಿ. ೧೫೧ನೆಯ ಅನುಚ್ಛೇದದಂತೆ ರಾಜ್ಯದ ಲೆಕ್ಕದ ವರದಿ ರಾಜ್ಯಪಾಲರಿಗೆ ಸಂದು ಶಾಸನಸಭೆಯ ಮುಂದೆ ಬರುವುದು. ಅನಂತರ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಇಲಾಖೆಗಳ ಕಾರ್ಯದರ್ಶಿಗಳನ್ನು ಕರೆದು ಕೇಳುವುದು. ಪರಿಶೋಧಕನ ಬಳಿಯಿಲ್ಲದ ಸಾಕ್ಷಿಯ ಅಧಿಕಾರವು ಆ ಸಮಿತಿಯ ಬಳಿಯುಂಟು. ಎಂದರೆ ನಮ್ಮ ಸಂವಿಧಾನವು ಲಿಖಿತವನ್ನು ಒಬ್ಬನಿಗೂ ಸಾಕ್ಷಿಯನ್ನು ಮತ್ತೊಬ್ಬರಿಗೂ ಹಂಚಿದೆ. ಈ ಹಂಚಿಕೆಯು ಬ್ರಿಟನ್ನಿನಿಂದ ಬಂದದ್ದು. ಅಲ್ಲಿ ಲೆಕ್ಕಪತ್ರ ಸಮಿತಿಯು ೧೮೬೧ರಲ್ಲಿಯೂ ಪರಿಶೋಧನೆಯ ಶಾಸನವು ೧೮೬೬ರಲ್ಲಿಯೂ ಹುಟ್ಟಿದುವು.

ಬೇರೆ ದೇಶಗಳಲ್ಲಿ ಈ ಹಂಚಿಕೆಯನ್ನು ಮೀರುವ ಪ್ರಯತ್ನಗಳು ನಡೆದಿವೆ. ಆಸ್ಟ್ರೇಲಿಯದ ೧೯೯೭ರ ಶಾಸನವು ಪರಿಶೋಧಕನಿಗೆ ಯಾರನ್ನಾದರೂ ಕರೆದು ಪ್ರಮಾಣದ ಮೇಲೆ ವಿಚಾರಿಸುವ ಅಧಿಕಾರವನ್ನೂ, ಮಣಿಯದವನಿಗೆ ದಂಡವನ್ನೂ ವಿಧಿಸಿದೆ. ಕೆನಡದ ಪರಿಶೋಧಕನಿಗೂ ಪ್ರಮಾಣ ಮಾಡಿಸುವ ಅಧಿಕಾರವುಂಟು. ಆದರೂ ಅಲ್ಲಿ ನಡೆದದ್ದನ್ನು ನೋಡಿರಿ. ಸರ್ಕಾರದ ತೈಲಸಂಸ್ಥೆಯು ೧೯೮೧ರಲ್ಲಿ ಪೆಟ್ರೋಫಿನ ಎಂಬ ಕಂಪೆನಿಯನ್ನು ಕೊಂಡುಕೊಂಡಿತು. ಕೊಟ್ಟ ಬೆಲೆ ಯುಕ್ತವೇ ಎಂದು ತಿಳಿಯಲು ಮಹಾಪರಿಶೋಧಕರಾದ ಕೆನೆತ್ ಡೈ ಅವರು ಮಂತ್ರಿಮಂಡಲದ ಕಾಗದಗಳನ್ನು ಕೇಳಿದರು, ಸರ್ಕಾರ ಕೊಡಲಿಲ್ಲ, ವ್ಯಾಜ್ಯವು ಸುಪ್ರೀಂ ಕೋರ್ಟಿಗೆ ಹೋಯಿತು. ಕಾಗದ ಕೊಡಲಿಲ್ಲವೆಂಬುದನ್ನು ಸಂಸತ್ತಿಗೆ ವರದಿಮಾಡುವುದೇ ಶಾಸನವು ತೋರಿದ ಪರಿಹಾರ, ನ್ಯಾಯಾಲಯವು ನಡುವೆ ಬರತಕ್ಕದ್ದಲ್ಲ ಎಂದು ೧೯೮೯ರಲ್ಲಿ ತೀರ್ಪಾಯಿತು. ಅಮೆರಿಕದಲ್ಲಿ ಉಪಾಧ್ಯಕ್ಷ ಚೇನಿಯವರ ಶಕ್ತಿನೀತಿಯ ಮಂಡಲಿಯು ಯಾರು ಯಾರನ್ನು ಕಂಡಿತೆಂಬ ದಾಖಲೆಗಾಗಿ ಮಹಾಪರಿಶೋಧಕರಾದ ವಾಕರ್ ಅವರು ಹೂಡಿದ ದಾವೆಯೂ, ದಾವೆ ಹೂಡಲು ಅವರಿಗೆ ಹಕ್ಕಿಲ್ಲವೆಂದು ೨೦೦೨ರ ಡಿಸೆಂಬರಿನಲ್ಲಿ ವಜಾ ಆಯಿತು. ಸರ್ಕಾರದ ಶಿಖರಕ್ಕೆ ಹತ್ತಿರವಾದಂತೆಲ್ಲ ಪರಿಶೋಧಕನು ನ್ಯಾಯಾಲಯದ ಬಾಗಿಲಿನಿಂದ ಶಾಸನಸಭೆಯ ಬಾಗಿಲಿಗೆ ಮರಳಬೇಕಾಗಿ ಬಂದುದನ್ನು ಈ ಎರಡು ಪ್ರಸಂಗಗಳಲ್ಲಿ ಕಾಣುತ್ತೇವೆ.

ಖಾಸಗಿಯವರ ಎದುರಿನಲ್ಲಿ ಮಾತ್ರ ನ್ಯಾಯಾಲಯಗಳು ಪರಿಶೋಧಕನಿಗೆ ನೆರವಾಗಿವೆ. ತಮ್ಮ ವರಮಾನದಲ್ಲಿ ಸರ್ಕಾರಕ್ಕೆ ಪಾಲು ಕೊಡಬೇಕಾದ ದೂರವಾಣಿ ಕಂಪೆನಿಗಳು ಆ ವರಮಾನದ ಪುಸ್ತಕಗಳನ್ನು ಮಹಾಲೆಕ್ಕಪರಿಶೋಧಕನಿಗೆ ತೋರಿಸಬೇಕೆಂದು ನಮ್ಮ ಸುಪ್ರೀಂ ಕೋರ್ಟು ೨೦೧೪ರ ಏಪ್ರಿಲಿನಲ್ಲಿ ತೀರ್ಮಾನಿಸಿತು. ಪಾಲಿನ ಹಣ ಸಾರ್ವಜನಿಕರದು. ಪಾಲನ್ನು ಎಣಿಸಬೇಕಾದರೆ ಇಡಿಯನ್ನು ನೋಡಲೇಬೇಕು ಎಂಬುದು ಅದರ ಸಾರ.

ಹಾಗಾದರೆ ೧೮ನೆಯ ಪ್ರಕರಣವನ್ನು ಹೇಗೆ ತಿದ್ದಬೇಕು? ೨೦೦೮ರಿಂದ ೨೦೧೩ರ ವರೆಗೆ ಮಹಾಲೆಕ್ಕಪರಿಶೋಧಕರಾಗಿದ್ದ ವಿನೋದ್ ರಾಯ್ ಅವರು, ದಾಖಲೆ ಕೊಡುವುದಕ್ಕೆ ಮಾಹಿತಿ ಹಕ್ಕಿನ ಶಾಸನದಲ್ಲಿರುವಂತೆ ಕಾಲಮಿತಿ ಬೇಕೆಂದು ಕೇಂದ್ರಸರ್ಕಾರಕ್ಕೆ ಸೂಚಿಸಿದ್ದರು; ಶಾಸನವು ಹಾಗೆ ತಿದ್ದುಪಡಿಯಾಗಲಿಲ್ಲ. ಲಿಖಿತದ ಮಟ್ಟಿಗೆ ಈ ಸೂಚನೆಯು ನಿರ್ವಿವಾದವಾಗಿ ಒಪ್ಪತಕ್ಕದ್ದು. ಸಾಕ್ಷಿಯ ವಿಷಯದಲ್ಲಿ ಪ್ರಮಾಣವಚನದ ಅಧಿಕಾರವನ್ನು ಪರಿಶೋಧಕನಿಗೆ ಕೊಡುವುದು ನಮಗೆ ಸಮ್ಮತವಲ್ಲ. ಪ್ರಮಾಣದ ಮೇಲೆ ಹೇಳಿಸಿದ ಮಾತು ನಾಳೆ ಹೇಳಿದವನ ಮೇಲೆಯೇ ಸಾಕ್ಷ್ಯವಾಗಿ ಬರುವುದೆಂಬ ಭಯ ಹುಟ್ಟುವುದು. ಆರೋಪಿಯು ತನಗೆ ವಿರೋಧವಾಗಿ ಸಾಕ್ಷಿ ನುಡಿಯಬೇಕಾಗಿಲ್ಲವೆಂಬ ಸಂವಿಧಾನದ ೨೦ನೆಯ ಅನುಚ್ಛೇದದ ರಕ್ಷೆಯನ್ನು ಕೇಳುವರು. ಲೆಕ್ಕದ ಕೋಣೆಯು ಕಚೇರಿಗಳಿಗೆ ಪೊಲೀಸು ಠಾಣೆಯಂತೆ ಕಾಣುವುದು. ಅದರ ಬದಲು, ‘ಕಚೇರಿಯ ಮುಖ್ಯಸ್ಥನಿಗೆ’ ಎಂಬ ಮಾತಿನ ಮುಂದೆ ‘ಅಥವಾ ಆ ವ್ಯವಹಾರವನ್ನು ಬಲ್ಲವನಿಗೆ’ ಎಂದು ನಾಲ್ಕು ಪದಗಳನ್ನು ಸೇರಿಸಿದರೆ ಬಹುಮಟ್ಟಿನ ಕೆಲಸವಾಗುವುದು. ಸಹಕಾರದ ಅಧಿನಿಯಮದಲ್ಲಿ ಈ ಭಾವದ ಮಾತು ಆಗಲೇ ಇದೆ.

ಕೌಟಿಲ್ಯನ ಎಂಟನೆಯ ಅಧ್ಯಾಯದಲ್ಲಿ, ಏಳು ಮಂದಿಯ ವಿಚಾರಣೆಯ ಬಳಿಕ ಇನ್ನೊಂದು ವಿಧಿಯುಂಟು. ಇಂಥ ಅಧಿಕಾರಿಯಿಂದ ನಷ್ಟಪಟ್ಟವರು ಬಂದು ತಿಳಿಸಬಹುದೆಂದು ಅವನು ಕೆಲಸ ಮಾಡಿದ ಪ್ರದೇಶದಲ್ಲಿ ಡಂಗುರ ಹೊಡೆಸಬೇಕು. ಎರಡು ಸಾವಿರ ವರ್ಷಗಳ ತರುವಾಯ, ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಶಾಸನವು ಗ್ರಾಮಸಭೆಯಿಂದ ಸಾಮಾಜಿಕ ಪರಿಶೋಧನೆಯನ್ನು ವಿಧಿಸಿದಾಗ ಆ ಡಂಗುರವು ಮತ್ತೆ ಕೇಳಿಸಿತು: ಕರ್ನಾಟಕದ ಹಳ್ಳಿಗಳಲ್ಲಿ ಕೂಲಿಯ ಪಟ್ಟಿಯನ್ನು ಸಭೆಯ ಮುಂದೆ ಓದಿ, ಹೆಸರಿನವರನ್ನೇ ಕೇಳಿ, ತಾಳೆ ನೋಡುವ ಪದ್ಧತಿ ಬಂದಿತು. ನಗರಗಳಲ್ಲಿ ಅದಕ್ಕೆ ಸಮಾನವಾದುದು ಸಂವಿಧಾನದ ೭೪ನೆಯ ತಿದ್ದುಪಡಿಯು ಹೇಳಿದ ವಾರ್ಡು ಸಮಿತಿ. ಅದರ ಮುಂದೆ ಕಾಮಗಾರಿಯ ಬಿಲ್ಲನ್ನು ಓದಿಹೇಳಬೇಕೆಂದು ಸಂವಿಧಾನವು ವಿಧಿಸಿಲ್ಲ. ಸಮಿತಿಯ ರಚನೆಯನ್ನೂ ಅಧಿಕಾರವನ್ನೂ ರಾಜ್ಯದ ಶಾಸನಕ್ಕೆ ಬಿಟ್ಟಿದೆ.